ಗುರುತು ಬಿಡದ ಕೈ

ನಿನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಮ್ಮ ಆಗಾಗ ಹೇಳುತ್ತಾನೆ. ಇರಲಿ ಬಿಡಿ. ಇಪ್ಪತ್ತೆರಡು ವರ್ಷದಿಂದ ವಾಹನಗಳ ಬಿಡಿಭಾಗದ ಅಂಗಡಿ ನಡೆಸುತ್ತಿರುವ ಹೆಂಗಸಿಗೆ ಕೋಪ ಇನ್ನೆಲ್ಲಿರಬೇಕು? "ಒಳಗೆ ಗಂಡಸರು ಯಾರಾದ್ರೂ ಇದ್ರೆ ಕರೀರಿ" ಎಂದು ಬಂದವರಿಗೆಲ್ಲ ಬ್ರೇಕ್ ಪ್ಯಾಡುಗಳ ನಂಬರನ್ನು ಬಾಯಿಪಾಠ ಒಪ್ಪಿಸಿಯೇ ನಾನು ಈ ಸ್ಟೂಲಿನ ಮೇಲೆ ಉಳಿದುಕೊಂಡದ್ದು. ನನ್ನ ಬಾಯಿ ಜೋರು ಎಂದವರಿದ್ದಾರೆ, ನನ್ನ ಮುಖ ಗಂಟು ಎಂದವರಿದ್ದಾರೆ. ಆದರೆ ನನ್ನ ಮಾಲು ನಕಲಿ ಎಂದವರು ಇರಲಿಲ್ಲ. ಹಾಗೆಂದ ಮೊದಲನೆಯವರು ಗಡಿಯಾರದ ಯಜಮಾನರು.

ಎದುರಿಗೆ ಎಲ್ಲರೂ ಅವರನ್ನು ಯಜಮಾನರೇ ಎನ್ನುತ್ತಿದ್ದರು. ಬೆನ್ನ ಹಿಂದೆ ಅವರ ಹೆಸರು ಸೆಕೆಂಡ್ ಮುಳ್ಳು. ನಲವತ್ತೊಂದು ವರ್ಷ ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ಬೀರುವಿನಷ್ಟೇ ಅಗಲದ ಜಾಗದಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಲ್ಲಾಡದೆ ಕೂತು ವಾಚು ರಿಪೇರಿ ಮಾಡಿದವರು. ಆ ಕಟ್ಟಡ ಬಿತ್ತು, ಅಂಗಡಿಯೂ ಹೋಯಿತು. ಆಮೇಲೆ ಕೂತಿದ್ದ ಅಷ್ಟೂ ವರ್ಷಗಳ ನಡಿಗೆ ಒಟ್ಟಿಗೆ ಕಾಲಿಗೆ ಬಂದಂತಾಯಿತು. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಆ ಕಡೆ ಹೋದರೆ ಹತ್ತು ನಿಮಿಷಕ್ಕೆ ಈ ಕಡೆ. ನಿಂತರೂ ನಿಲ್ಲುವವರಲ್ಲ. ನನ್ನ ಅಂಗಡಿಗೆ ಬಂದರೆ ಕಪಾಟಿನಲ್ಲಿ ವಾರೆಯಾಗಿದ್ದ ಡಬ್ಬಗಳನ್ನು ನೆಟ್ಟಗೆ ಮಾಡುವುದು, ಫ್ಯಾನಿನ ಸ್ವಿಚ್ಚಿನ ಸಡಿಲ ತಿರುಪನ್ನು ಜೇಬಿನಿಂದ ತೆಗೆದ ಸಣ್ಣ ಸ್ಕ್ರೂಡ್ರೈವರಿನಿಂದ ಬಿಗಿಮಾಡುವುದು, ನನ್ನ ಪೆನ್ನಿನ ಸ್ಪ್ರಿಂಗು ಬಿಚ್ಚಿ ಮತ್ತೆ ಹಾಕುವುದು. ನೋಡುತ್ತ ಕೂತರೆ ನನಗೇ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮನೆಯಲ್ಲಿ ಅವರೂ ಮಗಳೂ ಇಬ್ಬರೇ. ಹೆಂಡತಿ ತೀರಿಕೊಂಡು ಮೂರು ವರ್ಷ. ಮಗಳಿಗೆ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ, ಯಾವಾಗಲೂ ಬೆಳಗಿನ ಪಾಳಿ. ಕತ್ತಲಿರುವಾಗಲೇ, ಐದಕ್ಕೆ ಕಾಲು ಗಂಟೆ ಮುಂಚೆ ಹೊರಟು, ಕಾಲುವೆ ದಂಡೆಯ ರಸ್ತೆಯಲ್ಲಿ ಹನ್ನೊಂದು ಕಿಲೋಮೀಟರು ಕಾರು ಓಡಿಸಿಕೊಂಡು ಹೋಗಬೇಕು. ಆ ರಸ್ತೆಗೆ ದೀಪದ ಕಂಬ ಹಾಕುತ್ತೇವೆಂದು ಗುಂಡಿ ತೋಡಿದವರು ಗುಂಡಿಯನ್ನಷ್ಟೇ ಬಿಟ್ಟು ಹೋಗಿದ್ದರು. ಮಿಕ್ಸಿ, ಕಾಲಿಂಗ್ ಬೆಲ್ಲು, ಕೊನೆಗೆ ತನ್ನ ಫೋನು, ಎಲ್ಲವನ್ನೂ ಅಪ್ಪ ಬಿಚ್ಚಿ ಹರಡುವುದನ್ನು ನೋಡಿ ಸಾಕಾಗಿ ಆಕೆ ತನ್ನ ಹಳೇ ಕಾರನ್ನು ಅವರ ಸುಪರ್ದಿಗೆ ಕೊಟ್ಟುಬಿಟ್ಟಿದ್ದಳು. ಎಣ್ಣೆ ನೋಡುವುದು, ವೈಪರ್ ಬದಲಿಸುವುದು, ಬಲ್ಬು ಹಾಕುವುದು ಎಲ್ಲ ಯಜಮಾನರದೇ. ಕಾರಿನಿಂದಾಗಿ ಉಳಿದ ಸಾಮಾನು ಬಚಾವಾಯಿತು ಎಂದು ನನ್ನ ಬಳಿ ನಕ್ಕಿದ್ದಳು.

ಆ ಕಾರಿನ ಜೊತೆಗೇ ಬಂದಿದ್ದ ಹೆಡ್‌ಲೈಟ್ ಬಲ್ಬು ಏಳು ವರ್ಷ ಬಾಳಿ ಹೋಯಿತು. ಬೇರೆಯದನ್ನು ನನ್ನಿಂದ ಒಯ್ದು ಯಜಮಾನರು ತಾವೇ ಹಾಕಿದರು. ಅದು ಇಪ್ಪತ್ತು ದಿನವೂ ಉರಿಯಲಿಲ್ಲ. ಸುಟ್ಟ ಬಲ್ಬನ್ನು ಹಿಡಿದುಕೊಂಡು ಬಂದರು. ಇಂಥ ಬಲ್ಬಿನ ಗಾಜು ಕೆಂಡದಂತೆ ಕಾಯುತ್ತದೆ. ಬೆರಳಿನ ಜಿಡ್ಡು ಎಲ್ಲಿ ತಗುಲಿರುತ್ತದೋ ಆ ಜಾಗ ಮಾತ್ರ ಹೆಚ್ಚು ಕಾದು, ಬಿಳಿಚಿಕೊಂಡು, ಉಬ್ಬಿ, ಒಂದು ದಿನ ಬಲ್ಬೇ ಹೋಗಿಬಿಡುತ್ತದೆ. ಹಾಗಾಗಿ ಯಾರು ಬಂದರೂ ನಾನು ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದೆ.

"ಗಾಜು ಮುಟ್ಟಿದ್ರಾ?"

ಕೇಳಬಾರದಿತ್ತು. ಯಜಮಾನರು ಎರಡೂ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು.

"ಮುಟ್ಟದೆ ಹಾಕೋಕಾಗುತ್ತೇನಮ್ಮ? ಮುಟ್ಟಿದ್ದೀನಿ. ಆದ್ರೆ ಇದು ಯಾವ ಕೈ ಗೊತ್ತಾ? ಹದಿನಾರನೇ ವಯಸ್ಸಲ್ಲಿ ನಾನು ಕೆಲಸ ಕೇಳ್ಕೊಂಡು ಹೋದಾಗ ನನ್ನ ಗುರುಗಳು ಒಂದೂ ಪ್ರಶ್ನೆ ಕೇಳ್ಲಿಲ್ಲ. ಉಜ್ಜಿದ ಹಿತ್ತಾಳೆ ತಗಡು ಕೊಟ್ಟು, ಒತ್ತಿ ಹಿಡಿ, ನಾಳೆ ಬಾ ಅಂದ್ರು. ಐದು ಜನ ಹಿಡಿದಿದ್ವಿ. ಮಾರನೇ ದಿನ ನಾಲ್ಕು ತಗಡಿನ ಮೇಲೆ ಬೆರಳಿನ ಕಲೆ ಕಪ್ಪಗೆ ಎದ್ದಿತ್ತು. ನಂದು ಮಾತ್ರ ಹೊಳೀತಾ ಇತ್ತು. ಒಣಗೈ ಇದು. ಬೆವರೋ ಕೈಯವನು ವಾಚ್ ಮುಟ್ಟಿದ್ರೆ ಆರು ತಿಂಗಳಿಗೆ ತುಕ್ಕು ಹಿಡಿಯುತ್ತೆ. ನನ್ನ ಕೈ ಗುರುತು ಬಿಡೋ ಕೈ ಅಲ್ಲ."

ಗುರುತು ಬಿಡದ ಕೈ ಎಂದು ಒಬ್ಬ ಮನುಷ್ಯ ತನ್ನ ಇಡೀ ಬದುಕನ್ನೇ ಮುಂದೆ ಹಿಡಿದಾಗ, ಬಲ್ಬಿನ ಡಬ್ಬದ ಮೇಲಿನ ಸಣ್ಣಕ್ಷರ ಓದಿ ಹೇಳುವುದು ಹೇಗೆ? ಬೇರೆ ಬಲ್ಬು ಕೊಟ್ಟೆ.

ಅದೂ ಹೋಯಿತು. ಇನ್ನೊಂದು ಕೊಟ್ಟೆ. ಅದು ಹನ್ನೆರಡೇ ದಿನ. ನನ್ನ ಅಂಗಡಿಯದಲ್ಲ ಎಂದು ಜಾರಿಕೊಳ್ಳುವಂತೆಯೂ ಇರಲಿಲ್ಲ. ವಾಚಿನವರಿಗೆ ಒಂದು ಅಭ್ಯಾಸವಿದೆ. ರಿಪೇರಿ ಮಾಡಿದ ಪ್ರತಿ ವಾಚಿನ ಹಿಂಬದಿ ಮುಚ್ಚಳದ ಒಳಗೆ ಸೂಜಿಮೊನೆಯಿಂದ ತಾರೀಖು ಮತ್ತು ತಮ್ಮ ಗುರುತು ಗೀಚುತ್ತಾರೆ. ಯಾವತ್ತೋ ಮುಂದೆ ತೆರೆಯುವವನಿಗೆ ಹಿಂದೆ ಯಾರು ತೆರೆದಿದ್ದರು ಎಂದು ತಿಳಿಯಲಿ ಅಂತ. ಯಜಮಾನರು ಬಲ್ಬಿನ ಲೋಹದ ಬುಡಕ್ಕೂ ಅದನ್ನೇ ಮಾಡುತ್ತಿದ್ದರು. ತಾರೀಖು, ಪಕ್ಕದಲ್ಲಿ ಮೂರು ಸಣ್ಣ ಗೀಟು. ಒಳಗೆಲ್ಲ ಕಪ್ಪು ಹಿಡಿದು ಗಾಜೇ ಕಾಣದಂತಾಗಿದ್ದ ಮೂರು ಸತ್ತ ಬಲ್ಬುಗಳನ್ನು ನನ್ನ ಗಾಜಿನ ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸಿ, ನಾಲ್ಕು ಜನ ಗಿರಾಕಿಗಳ ಮುಂದೆ ಹೇಳಿದರು:

"ತಪ್ಪು ತಿಳ್ಕೋಬೇಡಮ್ಮ. ನೀನು ಮಾರ್ತಾ ಇರೋದು ನಕಲಿ ಮಾಲು."

ಎದುರಿನ ಗ್ಯಾರೇಜಿನ ಮೆಕ್ಯಾನಿಕ್ಕು ಹಲ್ಲು ಬಿಟ್ಟ. ಆ ನಗು ನನ್ನ ಎದೆಗೆ ನಾಟಿತು. ಮರುದಿನವೇ ಒಬ್ಬ ಟೆಂಪೋ ಡ್ರೈವರು, ಡಬ್ಬವನ್ನೇ ಬಿಚ್ಚದ ಬಲ್ಬನ್ನು ವಾಪಸು ತಂದಿಟ್ಟು ಹೋದ.

ಅಲ್ಲಿಂದ ನನಗೆ ನೆಮ್ಮದಿಯೆಂಬುದೇ ಹೋಯಿತು. ಸರಬರಾಜು ಮಾಡುವವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಇದ್ದಬದ್ದ ಬಲ್ಬುಗಳನ್ನೆಲ್ಲ ಬ್ಯಾಟರಿಗೆ ಸಿಕ್ಕಿಸಿ ಒಂದೊಂದಾಗಿ ಉರಿಸಿ ನೋಡಿದೆ. ಎಲ್ಲವೂ ಉರಿದವು. ಅದೇ ಮೆಕ್ಯಾನಿಕ್ಕನ್ನು ಅಂಗಲಾಚಿ ಯಜಮಾನರ ಕಾರಿನ ವೈರು, ಬ್ಯಾಟರಿ, ಚಾರ್ಜು ಎಲ್ಲ ಪರೀಕ್ಷೆ ಮಾಡಿಸಿದೆ. "ಎಲ್ಲ ಸರಿಯಾಗಿದೆ ಅಕ್ಕ, ನಿಮ್ಮ ಬಲ್ಬೇ ಸರಿಯಿಲ್ವೇನೋ" ಎಂದ, ಕಣ್ಣು ಮಿಟುಕಿಸಿ. ರಸ್ತೆಯಲ್ಲಿ ಯಾವ ವಾಹನ ಬಂದರೂ ಮೊದಲು ಅದರ ದೀಪದ ಕಡೆ ಕಣ್ಣು. ಸೆಕೆಂಡ್ ಮುಳ್ಳಿನ ಚಡಪಡಿಕೆ ನನಗೂ ಅಂಟಿಕೊಂಡಿತು ಎಂದು ತಮ್ಮ ನಕ್ಕರೆ, ಅವನಿಗೂ ಎರಡು ಬಿಸಿ ಮಾತು ಬಿದ್ದವು.

ಕಂಪನಿ ಬದಲಿಸಿ ಹೊಸ ಮಾಲು ತರಿಸಿದೆ. ಅದು ಬಂದ ದಿನ ಮಧ್ಯಾಹ್ನ ಮೂರಕ್ಕೆ ಯಜಮಾನರೂ ಬಂದರು. ಅವತ್ತು ಅವರು ಡಬ್ಬ ಜೋಡಿಸಲಿಲ್ಲ, ತಿರುಪು ಹುಡುಕಲಿಲ್ಲ. ಸುಮ್ಮನೆ ನಿಂತರು. ಅವರು ಸುಮ್ಮನೆ ನಿಂತದ್ದನ್ನು ನಾನು ಮೊದಲು ನೋಡಿದ್ದು ಆಗಲೇ, ನೋಡಿ ಹೆದರಿಕೆಯಾಯಿತು.

"ಏನಾಯ್ತು ಯಜಮಾನ್ರೇ?"

"ಮಗಳು ಹೇಳ್ಬಿಟ್ಲು. ಇನ್ನೊಂದು ಸಲ ದೀಪ ಹೋದ್ರೆ ಕಾರನ್ನ ಸರ್ವಿಸ್ ಸ್ಟೇಷನ್ನಿಗೆ ವಹಿಸ್ತೀನಿ, ನೀವು ಬಾನೆಟ್ಟಿಗೂ ಕೈ ಹಾಕೋ ಹಾಗಿಲ್ಲ ಅಂತ. ತಪ್ಪೇನಿಲ್ಲ. ಕತ್ತಲಲ್ಲಿ ಹೋಗೋಳು ಅವಳು. ಆದ್ರೆ ಅದೂ ಕೈಬಿಟ್ಟು ಹೋದ್ರೆ ನಾನು ದಿನಾ ಪೂರ್ತಿ ಏನಮ್ಮ ಮಾಡ್ಲಿ?" ಎಂದರು.

ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟು ಒಂದು ಗಳಿಗೆ ಇಳಿಯಿತು. ಆಗ ನೋಡಿದೆ, ಅವರ ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟಿದ್ದವು.

"ಇದೇನು ಕೈ ಹೀಗಾಗಿದೆ?"

"ಕೆಲಸ ಇಲ್ದೆ ಪಾತ್ರೆ ತೊಳ್ದೆ, ನೆಲ ಉಜ್ಜಿದೆ, ಕಿಟಕಿ ಉಜ್ಜಿದೆ. ಉಜ್ಜಿದ್ದನ್ನೇ ಉಜ್ಜಿದೆ. ಸೋಪು ತಿಂದುಹಾಕ್ತು. ರಕ್ತ ಬರ್ತಿತ್ತು. ಡಾಕ್ಟರು ಒಂದು ಕ್ರೀಮ್ ಕೊಟ್ಟಿದ್ದಾರೆ, ಮೇಣದ ಹಾಗೆ ಗಟ್ಟಿ. ನಾನು ಹಚ್ಕೊಳಲ್ಲ ಅಂತ ಅವಳೇ ಹಚ್ತಾಳೆ." ಯಜಮಾನರ ಮುಖ ಬೇರೆಯೇ ಆಯಿತು. "ಎರಡೂವರೆಗೆ ಕೆಲಸದಿಂದ ಬರ್ತಾಳಲ್ಲ, ಚಪ್ಪಲಿ ಬಿಟ್ಟವಳೇ ನನ್ನೆದುರು ಕೂತು, ಕೈ ಕೊಡಿ ಅಂತಾಳೆ. ಒಂದೊಂದೇ ಬೆರಳು ಹಿಡಿದು ತಿಕ್ತಾಳೆ. ಹತ್ತು ನಿಮಿಷ. ಆಮೇಲೆ ಹೋಗಿ ಮಲಗಿಬಿಡ್ತಾಳೆ. ಅವರಮ್ಮ ಹೋದ್ಮೇಲೆ ನಮ್ಮಿಬ್ರಲ್ಲಿ ಮಾತು ಕಡಿಮೆ. ಏನು ಮಾತಾಡಿದ್ರೂ ಜಗಳಕ್ಕೇ ಹೋಗಿ ನಿಲ್ಲುತ್ತೆ. ಜಗಳ ಆಡಿದ ದಿನಾನೂ ಹಚ್ಚೋದು ಮಾತ್ರ ಬಿಟ್ಟಿಲ್ಲ ನೋಡು."

ಎರಡು ಬಲ್ಬು ಕೇಳಿದರು. ಈ ಸಲ ಎರಡೂ ಕಡೆ ಹೊಸದು ಹಾಕುತ್ತಾರಂತೆ. ನಾನು ಇನ್ನೊಬ್ಬ ಗಿರಾಕಿಗೆ ಫಿಲ್ಟರು ಕೊಡುತ್ತಿದ್ದೆ. ಯಜಮಾನರು ಡಬ್ಬ ಬಿಚ್ಚಿ, ಬಲ್ಬನ್ನು ಬೆಳಕಿಗೆ ಹಿಡಿದು, ಹಾ ಎಂದು ಬಾಯಿಯ ಆವಿ ಕೊಟ್ಟು, ಹೆಬ್ಬೆರಳಿನ ಉಬ್ಬಿನಿಂದ ಗಾಜನ್ನು ಒಂದು ಸುತ್ತು ಒರೆಸಿ, ಕೊನೆಗೊಮ್ಮೆ ಒತ್ತಿ ಹಿಡಿದರು.

"ಗಾಜಿಗೆ ಹೆಬ್ಬೆರಳು ಕೊಡದೆ ಒಂದು ವಾಚೂ ನನ್ನ ಅಂಗಡಿ ಬಿಟ್ಟು ಹೋಗಿಲ್ಲ" ಎಂದು ಹೇಳಿ, ಕೌಂಟರಿಗೆ ಕೈಯೂರಿ ತಿರುಗಿ, ಸರಸರನೆ ನಡೆದುಬಿಟ್ಟರು.

ಗಿರಾಕಿಯೂ ಹೋದ. ಮೂರೂವರೆಯ ಓರೆ ಬಿಸಿಲು ಕೌಂಟರಿನ ಗಾಜಿನ ಮೇಲೆ ಬಿದ್ದಿತ್ತು. ಅಲ್ಲಿ ಒಂದು ಕೈ ಇತ್ತು. ಐದು ಬೆರಳು, ಅಂಗೈ, ಹೆಬ್ಬೆರಳ ಅಡ್ಡಕ್ಕೆ ಯಾವುದೋ ಹಳೇ ಸ್ಪ್ರಿಂಗು ಸಿಡಿದು ಕೊಯ್ದ ಗಾಯದ ಗೆರೆ, ಎಲ್ಲ ಜಿಡ್ಡಿನಲ್ಲಿ ಅಚ್ಚೊತ್ತಿದ ಹಾಗೆ ಹೊಳೆಯುತ್ತಿದ್ದವು. ಗುರುತು ಬಿಡದ ಕೈಯ ಗುರುತು.

ಎಲ್ಲವೂ ಒಂದೇ ಏಟಿಗೆ ತಲೆಗೆ ಬಂತು. ಕಾರು ಮನೆಗೆ ಬರುವುದು ಎರಡೂವರೆಗೆ. ಬಂದ ಕೂಡಲೇ ಮಗಳು ಕ್ರೀಮು ಹಚ್ಚಿ ಮಲಗುತ್ತಾಳೆ. ಅವಳು ಮಲಗಿದ ಮೇಲೆ ಯಜಮಾನರು ಕಾರಿಗೆ ಕೈ ಹಾಕುತ್ತಾರೆ. ಅಂದರೆ ಪ್ರತಿ ಬಲ್ಬಿಗೂ ಆಗತಾನೇ ಹಚ್ಚಿದ ಕ್ರೀಮು ತಾಗಿದೆ. ಅದೂ ಮೈಮರೆತಲ್ಲ, ಅಕ್ಕರೆಯಿಂದ, ಒಂದು ಸುತ್ತು ಪೂರ್ತಿ.

ನಾನು ಆಗಲೇ ಓಡಿಹೋಗಿ ಹೇಳಬೇಕಿತ್ತು. ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಹೋಗಲಿಲ್ಲ. ನಾಲ್ಕು ಜನರ ಮುಂದೆ ನಕಲಿ ಅಂದರಲ್ಲ, ಬರಲಿ, ಆ ನಾಲ್ಕು ಜನರ ಮುಂದೆಯೇ ಈ ಕೈ ತೋರಿಸುತ್ತೇನೆ ಎಂದುಕೊಂಡೆ. ಯಾರೂ ಒರೆಸದಂತೆ ಆ ಗುರುತಿನ ಮೇಲೆ ಒಂದು ಖಾಲಿ ರಟ್ಟಿನ ಡಬ್ಬ ಬೋರಲು ಹಾಕಿದೆ. ನನ್ನ ಸಾಕ್ಷಿ ಅದರ ಕೆಳಗೆ ಭದ್ರವಾಗಿತ್ತು.

ಐದು ದಿನ ಕಳೆಯಿತು. ಆ ಐದು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಾಲುವೆ ದಂಡೆಯ ರಸ್ತೆ ಕಣ್ಣ ಮುಂದೆ ಬರುತ್ತಿತ್ತು. ಮಗಳ ನಂಬರು ನನ್ನಲ್ಲಿತ್ತು. ಎರಡು ಸಲ ಒತ್ತಿದೆ. ಎರಡು ಸಲವೂ ಒಂದು ರಿಂಗು ಆಗುವ ಮೊದಲೇ ಕತ್ತರಿಸಿದೆ. ಹೊಸ ಬಲ್ಬು ಅಷ್ಟು ಬೇಗ ಹೋಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಬ್ಬ ಎತ್ತಿ ನೋಡುವುದು, ಮತ್ತೆ ಮುಚ್ಚುವುದು. ಇದೇ ಕೆಲಸವಾಯಿತು.

ಆರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರು ನೇರ ಅಂಗಡಿಯ ಮುಂದೆ ಬಂದು ನಿಂತಿತು. ಮುಂದಿನ ಬಂಪರು ಒಂದು ಕಡೆ ಜೋತುಬಿದ್ದಿತ್ತು. ಇಳಿದ ಮಗಳ ಕೆಳತುಟಿ ಒಡೆದಿತ್ತು. ಹಿಂದೆಯೇ ಯಜಮಾನರು. ಆಕೆ ಎರಡು ಬಲ್ಬುಗಳನ್ನು ಕೌಂಟರಿನ ಮೇಲೆ ಕುಕ್ಕಿದಳು.

"ನೋಡಿ ಅಕ್ಕ, ಇದು ನಿಮ್ಮ ಹೊಸ ಮಾಲು! ನಿನ್ನೆ ಎಡಗಡೆದು ಹೋಯ್ತು, ಇವತ್ತು ಕಾಲುವೆ ತಿರುವಲ್ಲಿ ಬಲಗಡೆದು ಪಟ್ ಅಂತು. ಏನೂ ಕಾಣ್ಲಿಲ್ಲ. ಕಲ್ಲು ಅಡ್ಡ ಸಿಗದೇ ಇದ್ದಿದ್ರೆ ನಾನು ನೀರಲ್ಲಿರ್ತಿದ್ದೆ."

"ನಿನ್ನೆನೇ ಒಂದು ಹೋಗಿತ್ತಾ?" ಯಜಮಾನರು ಕೇಳಿದರು. "ನನಗೆ ಹೇಳ್ಲಿಲ್ಲ?"

ಮಗಳು ಅವರ ಕಡೆ ತಿರುಗಲಿಲ್ಲ. "ಹೇಳಿದ್ರೆ ಕಾರನ್ನ ನಿಮ್ಮಿಂದ ಕಿತ್ಕೋಬೇಕಿತ್ತಲ್ಲ ಅಪ್ಪ. ಆಡಿದ ಮಾತು ಆಡಿದ್ದೆ. ಒಂದು ದೀಪದಲ್ಲೇ ಇನ್ನೆರಡು ದಿನ ಹೋದ್ರಾಯ್ತು ಅಂದ್ಕೊಂಡೆ."

ಅಪ್ಪನ ಕೆಲಸ ಉಳಿಸಲು ಇವಳು ಒಂದು ಕಣ್ಣಿನ ಕಾರಿನಲ್ಲಿ ಹೋಗಿದ್ದಾಳೆ. ನಾನು ನನ್ನ ಮರ್ಯಾದೆ ಉಳಿಸಲು ಡಬ್ಬ ಬೋರಲು ಹಾಕಿ ಕೂತಿದ್ದೇನೆ. ಎದುರಿನ ಮೆಕ್ಯಾನಿಕ್ಕೂ ಇಬ್ಬರು ಗಿರಾಕಿಗಳೂ ಬಾಗಿಲಿಗೆ ಬಂದು ನಿಂತಿದ್ದರು. ನಾನು ಬಯಸಿದ್ದ ಜನವೇ ಸೇರಿತ್ತು. ಕೈ ಡಬ್ಬದ ಮೇಲಿತ್ತು. ಎತ್ತಲಾಗಲಿಲ್ಲ.

ಯಜಮಾನರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. "ಕಂಪನಿ ಮುದ್ರೆ ನೋಡ್ತೀನಿ, ನಕಲಿಯದು ತಕ್ಷಣ ಗೊತ್ತಾಗುತ್ತೆ" ಎಂದು ಒಡೆಯದೆ ಉಳಿದಿದ್ದ ಎಡಗಡೆಯ ಬಲ್ಬನ್ನು ಎತ್ತಿಕೊಂಡರು. ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಆಮೇಲೆ ತಿರುಗಿಸುವುದು ನಿಂತಿತು.

ಗಾಜಿನ ಮೇಲೆ ಬಿಳಿಯ ಮಚ್ಚೆ ಇರುವುದು ನನಗೆ ಬರಿಗಣ್ಣಿಗೇ ಕಾಣುತ್ತಿತ್ತು. ಅವರಿಗೆ ಹತ್ತು ಪಾಲು ದೊಡ್ಡದಾಗಿ ಕಂಡಿರಬೇಕು. ಬೆರಳಿನ ಸಣ್ಣ ಸಣ್ಣ ಗೆರೆಗಳು, ಅಡ್ಡಕ್ಕೆ ಗಾಯದ ಗೆರೆ, ಗಾಜಿನಲ್ಲೇ ಸುಟ್ಟು ಕೂತಿದ್ದವು. ಅವರು ನಿಧಾನವಾಗಿ ತಮ್ಮ ಬಲಗೈ ಹೆಬ್ಬೆರಳನ್ನು ಭೂತಗನ್ನಡಿಯ ಕೆಳಗೆ ತಂದರು. ಮತ್ತೆ ಬಲ್ಬು. ಮತ್ತೆ ಹೆಬ್ಬೆರಳು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಕ್ರೀಮಿನ ವಾಸನೆ. ಅಲ್ಲಿಗೆ ಅವರಿಗೂ ತಿಳಿಯಿತು.

"ಬಲ್ಬು ಚೆನ್ನಾಗಿದೆ" ಎಂದರು. "ಅಸಲಿ ಮಾಲು. ತಪ್ಪು ನಂದು. ನನ್ನ ಕೈ ಬೆವರುತ್ತೆ."

ಮಗಳು ಈಗ ತಿರುಗಿದಳು. "ನಿಮ್ಮ ಕೈ? ನಾನು ಹುಟ್ಟಿದಾಗಿಂದ ಒಣಗೈ ಕಥೆ ಕೇಳಿ ಕೇಳಿ ಬೆಳೆದಿದ್ದೀನಿ."

"ಈಗ ಬೆವರುತ್ತೆ. ವಯಸ್ಸಾಯ್ತು. ಹೇಳ್ಕೊಳೋಕೆ ನಾಚಿಕೆ ಆಗಿ ಮುಚ್ಚಿಟ್ಟಿದ್ದೆ."

ಆಕೆ ಅವರ ಕೈಯನ್ನೇ ನೋಡುತ್ತಿದ್ದಳು. "ಅಪ್ಪ, ಒಂದ್ ನಿಮಿಷ. ನಾನು ಹಚ್ಚೋ ಕ್ರೀಮ್ ಏನಾದ್ರೂ..."

"ಕ್ರೀಮಲ್ಲ!" ಎಂದು ಯಜಮಾನರು ಅಷ್ಟು ಜೋರಾಗಿ ಹೇಳಿದ್ದಕ್ಕೆ ಬಾಗಿಲಲ್ಲಿದ್ದವರು ಹಿಂದೆ ಸರಿದರು. "ಕ್ರೀಮು ಹಚ್ಚಿದ ತಕ್ಷಣ ಒಳಗೆ ಹೋಗುತ್ತೆ, ಒಂದು ಚೂರೂ ಮೇಲುಳಿಯಲ್ಲ. ಇದು ಬೆವರು. ಬಲ್ಬು ಮಾರೋರು ಇವರೇ ಇದ್ದಾರಲ್ಲ, ಕೇಳು." ನನ್ನ ಕಡೆ ನೋಡಿದರು. "ಹೇಳಮ್ಮ. ಬೆವರು ತಾನೇ?"

ಭೂತಗನ್ನಡಿ ಇನ್ನೂ ಕಣ್ಣಲ್ಲೇ ಇತ್ತು. ಅದರ ಹಿಂದಿನ ಕಣ್ಣು ದೊಡ್ಡದಾಗಿ, ಒದ್ದೆಯಾಗಿ, ನನ್ನನ್ನು ಬೇಡುತ್ತಿತ್ತು. ಹದಿನಾರನೆಯ ವಯಸ್ಸಿನಿಂದ ಹೊತ್ತುಕೊಂಡು ಬಂದ ಒಂದೇ ಒಂದು ಹೆಮ್ಮೆಯನ್ನು ಈ ಮನುಷ್ಯ ನಡುಬೀದಿಯಲ್ಲಿ ಬಿಸಾಡುತ್ತಿದ್ದಾರೆ. ದಿನಕ್ಕೆ ಹತ್ತು ನಿಮಿಷಕ್ಕೋಸ್ಕರ. ತಾನು ಹಚ್ಚಿದ ಕ್ರೀಮೇ ತನ್ನನ್ನು ಕಾಲುವೆಗೆ ದೂಡುವುದರಲ್ಲಿತ್ತು ಎಂದು ತಿಳಿದರೆ ಆ ಮಗಳು ನಾಳೆಯಿಂದ ಟ್ಯೂಬನ್ನು ಮೇಜಿನ ಮೇಲಿಟ್ಟು ನೀವೇ ಹಚ್ಚಿಕೊಳ್ಳಿ ಎಂದುಬಿಟ್ಟಾಳು.

ಮಾಲಿನ ವಿಷಯದಲ್ಲಿ ನಾನು ಸುಳ್ಳು ಹೇಳಿದವಳಲ್ಲ.

"ಬೆವರೇ" ಎಂದೆ. "ಬೆವರಿನ ಕಲೆ ಹೀಗೇ ಸುಡೋದು. ಎಷ್ಟೋ ನೋಡಿದ್ದೀನಿ. ಮೊದಲನೇ ದಿನಾನೇ ನಾನು ಸರಿಯಾಗಿ ಹೇಳಬೇಕಿತ್ತು. ನಂದೂ ತಪ್ಪಿದೆ." ಕೊನೆಯ ಮಾತು ಮಾತ್ರ ನಿಜ. ಎಷ್ಟು ನಿಜ ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಒಳಗೆ ಹೋಗಿ ಎರಡು ಹೊಸ ಬಲ್ಬು ಮತ್ತು ಒಂದು ಜೊತೆ ಬಿಳಿ ಹತ್ತಿ ಕೈಗವಸು ತಂದಿಟ್ಟೆ. "ಇದು ಹಾಕ್ಕೊಂಡು ಮಾಡಿದ್ರೆ ಯಾರ ಕೈ ಆದ್ರೂ ಒಂದೇ."

ಮಗಳು ಕಾರನ್ನು ನೋಡಿದಳು, ಅಪ್ಪನನ್ನು ನೋಡಿದಳು. ಒಡೆದ ತುಟಿಯನ್ನು ನಾಲಿಗೆಯಿಂದ ಮುಟ್ಟಿಕೊಂಡಳು. ಸರ್ವಿಸ್ ಸ್ಟೇಷನ್ನಿನ ಮಾತು ಈಗ ಬಂತು, ಈಗ ಬಂತು ಎಂದು ನಾನು ಕಾಯುತ್ತಿದ್ದೆ. ಯಜಮಾನರ ಕಾಲು ಒಂದೇ ಸಮನೆ ನೆಲ ತಟ್ಟುತ್ತಿತ್ತು.

"ಕೈ ಕೊಡಿ" ಎಂದಳು.

ಯಜಮಾನರು ಎರಡೂ ಕೈ ಮುಂದೆ ಚಾಚಿದರು. ಆಕೆ ಕೈಗವಸನ್ನು ಬಿಡಿಸಿ, ಒಂದೊಂದೇ ಬೆರಳು ಹಿಡಿದು, ಸುಕ್ಕು ಬಾರದಂತೆ ಎಳೆದು ತೊಡಿಸಿದಳು. ಅವರ ಕಾಲು ತಟ್ಟುವುದು ನಿಂತಿತ್ತು. "ಇಲ್ಲೇ ಹಾಕಿ, ನಾನು ನೋಡ್ತೀನಿ" ಎಂದಳು.

ಹಾಕಿದರು. ಒಂದು ಬಲ್ಬು ಕೂರಿಸುವ ಮುನ್ನ ಅವರ ಹೆಬ್ಬೆರಳು ತನ್ನಷ್ಟಕ್ಕೆ ಗಾಜಿನ ಕಡೆ ಎದ್ದಿತು. ಅಲ್ಲೇ ತಡೆದು ಮಡಿಚಿಕೊಂಡರು. ಬುಡದಲ್ಲಿ ತಾರೀಖು ಗೀಚಿದರು, ಮೂರು ಗೀಟು ಎಳೆದರು. ಹಗಲಿನಲ್ಲೇ ದೀಪ ಹಾಕಿ ನೋಡಿದೆವು. ಎರಡೂ ಉರಿದವು.

ಹೊರಡುವಾಗ ಮಗಳು ಕಾರಿನ ಬಾಗಿಲು ತೆಗೆಯುತ್ತ, "ಬೆವರಿಗೂ ಏನಾದ್ರೂ ಔಷಧಿ ಇದ್ಯಾ ಅಂತ ಡಾಕ್ಟರನ್ನ ಕೇಳ್ತೀನಿ. ಹಚ್ಚೋದು ಇದ್ರೆ ಎರಡನ್ನೂ ಹಚ್ಚಿದ್ರಾಯ್ತು" ಎಂದಳು. ಯಜಮಾನರು ಗಾಬರಿಯಿಂದ "ಇದೊಂದೇ ಸಾಕು, ಇದೊಂದೇ ಸಾಕು" ಎಂದರು. ಆಕೆಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಜನ ಚೆದುರಿದರು. ಮೆಕ್ಯಾನಿಕ್ಕು, "ಅಂತೂ ನಿಮ್ಮ ಮಾಲು ಅಸಲಿ ಅಂತಾಯ್ತಲ್ಲ ಅಕ್ಕ" ಎಂದ. ಹೋಗಿ ನಿನ್ನ ಕೆಲಸ ನೋಡು ಎಂದು ಗದರಿದೆ. ಅವನು ಬೆನ್ನು ತಿರುಗಿಸಿದ ಮೇಲೆ ರಟ್ಟಿನ ಡಬ್ಬ ಎತ್ತಿದೆ. ಕೈ ಹಾಗೆಯೇ ಇತ್ತು. ಬಟ್ಟೆ ತಂದು ಒರೆಸಿದೆ, ಹೋಗಲಿಲ್ಲ. ಸೋಪಿನ ನೀರು ತಂದು ಎರಡೆರಡು ಸಲ ಉಜ್ಜಬೇಕಾಯಿತು.